ಐದನೆಯದು ಎಚ್ಚರವಾಗಿದೆ

ಮಂಠಾಳ
21 ಏಪ್ರಿಲ್ 2024, ರವಿವಾರ

ನನ್ನ ಧನು,

ಸಪ್ರೇಮ ಜೈ ಭೀಮ.

ಇಷ್ಟು ದಿನ ನಿನ್ನ ಫೋನು ಎತ್ತದೆ ಕೂತಿದ್ದಕ್ಕೆ, ವಾಟ್ಸಾಪಿನಲ್ಲಿ ಬರೀ ಹೆಬ್ಬೆರಳು ಕಳಿಸಿದ್ದಕ್ಕೆ ಮೊದಲು ನನ್ನನ್ನು ಮನಸಾರೆ ಬೈದುಬಿಡು, ಆಮೇಲೆ ಓದು. ಭೀಮ ಜಯಂತಿ ಮುಗಿದ ಮರುದಿನವೇ ಈ ಕಾಗದ ಬರೆಯಬೇಕಿತ್ತು. ಕೆಲಸವಿತ್ತು ಎಂದರೆ ನೀನು ನಂಬುವುದಿಲ್ಲ. ಶಾಲೆಗೆ ಸೂಟಿ ಬಿಟ್ಟಿದೆ, ಬಿಸಿಯೂಟದ ಒಲೆ ಆರಿದೆ, ನನಗೇನು ಕೆಲಸ? ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಇದ್ದಷ್ಟು ಸಿಟ್ಟಿನಲ್ಲೇ ಕೂತು ಬರೆಯುತ್ತಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನನ್ನ ಪ, ಬ, ಮ ಎಲ್ಲ ಬಾಯಿಯ ಎಡಮೂಲೆಯಿಂದ ಗಾಳಿಯಾಗಿ ಹೋಗುತ್ತವೆ. ನೀನು ‘ಹಾಂ? ಏನಂದಿ?’ ಎಂದು ಮತ್ತೆ ಮತ್ತೆ ಕೇಳುತ್ತೀ, ಕಡೆಗೆ ನಾನೇ ‘ಏನಿಲ್ಲ ಬಿಡು’ ಎಂದು ಇಟ್ಟುಬಿಡುತ್ತೇನೆ. ಕಾಗದದ ಮೇಲೆ ನನ್ನ ಅಕ್ಷರ ಮೊದಲಿನ ಹಾಗೆಯೇ ನೆಟ್ಟಗಿದೆ, ನೋಡು. ನಾಡಿದ್ದು ನಿನ್ನ ಅಪ್ಪ ಸೆಂಟ್ರಿಂಗ್ ಹಲಗೆ ತರಲು ಹುಮನಾಬಾದಿಗೆ ಬರುತ್ತಾರೆ. ನಿನ್ನ ಆಸ್ಪತ್ರೆಯ ಗೇಟಿನಲ್ಲಿ ನಿಂತು ನಿನ್ನ ಕೈಗೇ ಕೊಡುತ್ತಾರೆ. ಡ್ಯೂಟಿ ಮುಗಿಸಿ, ಉಂಡು, ಒಬ್ಬಳೇ ಕೂತು ಓದು.

ಮನೆಯಲ್ಲಿ ಎಲ್ಲರೂ ಆರಾಮ. ನಮ್ಮತ್ತೆ, ನಿನ್ನ ಆಯಿ, ಬಿಸಿಲಿಗೆ ಬೈಯುತ್ತಾ, ಬಿಸಿಲಲ್ಲೇ ಕೂತು ಶಾವಿಗೆ ಒಣಗಿಸುತ್ತಿದ್ದಾರೆ. ನಿನ್ನ ಮದುವೆಗೆಂದು ಮಾಡಿದ ಶಾವಿಗೆ. ಕಾಯಲು ಕೋಲು ಹಿಡಿದು ಕೂರುತ್ತಾರೆ, ನಿದ್ದೆ ಹೋಗುತ್ತಾರೆ, ಕೋಳಿಗಳು ತಿನ್ನುತ್ತವೆ. ನಿನ್ನೆ ಪುಂಡಿ ಪಲ್ಯ ಮಾಡಿದ್ದೆ. ಹುಳಿ ನನ್ನ ನಾಲಿಗೆಯ ಬಲಗಡೆಗೆ ಮಾತ್ರ ಗೊತ್ತಾಯಿತು, ಮುಂದಿನ ಎಡಭಾಗಕ್ಕೆ ಏನೂ ಇಲ್ಲ. ಅಲ್ಲಿಗೆ ಹುಲ್ಲು ಹಾಕಿದರೂ ಅದೇ, ಹೋಳಿಗೆ ಹಾಕಿದರೂ ಅದೇ. ಎಡಗಣ್ಣು ಮೊದಲಿನಂತೆ ತನ್ನಷ್ಟಕ್ಕೆ ತಾನೇ ಸೋರುತ್ತದೆ. ಓಣಿಯ ಹೆಂಗಸರು, “ಯಾಕ ಅಳಾಕತ್ತೀರಿ ಸುಗಂಧಾಬಾಯಿ?” ಎಂದು ಕೇಳುತ್ತಾರೆ. “ಅಳಾಕತ್ತಿಲ್ರಿ, ನಳ ಕೆಟ್ಟದ” ಎನ್ನುತ್ತೇನೆ. ನಗುತ್ತಾರೆ. ಅಳುವುದಿದ್ದಾಗಲೂ ಇದೇ ಉತ್ತರ ಕೊಡುತ್ತೇನೆ, ಆಗಲೂ ನಗುತ್ತಾರೆ.

ನೀನು ಬೀದರಿನಲ್ಲಿ ನರ್ಸಿಂಗ್ ಓದುವಾಗ ಸೂಟಿಗೆ ಬಂದು ನನ್ನ ಮುಖದ ಮೇಲೆ ಪಾಠ ಒಪ್ಪಿಸುತ್ತಿದ್ದುದು ನೆನಪಿದೆಯೇ? ನನಗೆ ಈಗೀಗ ದಿನಾ ನೆನಪಾಗುತ್ತದೆ. ಬೇವಿನ ಮರದ ಕೆಳಗೆ ಸ್ಟೂಲು ಹಾಕಿ, “ಅವ್ವ, ಈಗ ನೀ ಪೇಶಂಟ. ನಾ ಹೇಳ್ದಂಗ ಮಾಡು, ಮಾತಾಡಬ್ಯಾಡ” ಎಂದು ಕೂರಿಸುತ್ತಿದ್ದೆ. ಮಾತಾಡದೆ ಕೂರುವ ಪೇಶಂಟ್ ನಾನಲ್ಲ ಎಂದು ನಿನಗೂ ಗೊತ್ತಿತ್ತು. ಮಿದುಳಿನಿಂದ ಹೊರಟು ಮುಖಕ್ಕೆ, ಕಣ್ಣಿಗೆ, ಕಿವಿಗೆ, ಗಂಟಲಿಗೆ ಹೋಗುವ ಹನ್ನೆರಡು ಜೋಡಿ ನರಗಳಂತೆ. ಒಂದೊಂದನ್ನೂ ಪರೀಕ್ಷೆ ಮಾಡಬೇಕಂತೆ. ಮೂಗಿನ ಒಂದು ಹೊಳ್ಳೆ ಮುಚ್ಚಿ ಕಾಫಿಪುಡಿ ಮೂಸಿಸಿದೆ, ಅದು ಮೊದಲನೆಯದು. ಕಾಫಿಪುಡಿ ಯಾಕೆ ಹಾಳು ಮಾಡುತ್ತೀ ಎಂದು ಆಯಿ ಖಾರದಪುಡಿ ಡಬ್ಬಿ ತಂದಾಗ ನೀನು ಹಾರಿಬಿದ್ದೆ. “ಆಯಿ, ಖಾರದ್ದು ವಾಸನಿ ಅಲ್ಲ, ಉರಿ. ಉರಿ ತಿಳಿಯೂದು ಐದನೇದರ ಕೆಲಸ!” ಆಯಿಗೆ ಏನು ತಿಳಿಯಿತೋ, ಡಬ್ಬಿ ಒಳಗಿಟ್ಟು ಬಂದರು. ಕಣ್ಣಾಡಿಸು, ಹಲ್ಲು ಕಚ್ಚು, ಭುಜ ಎತ್ತು, ನಾನು ಒತ್ತಿ ಹಿಡಿದರೂ ಎತ್ತು, ನಾಲಿಗೆ ಹೊರಗೆ ಹಾಕು. ಓಣಿಯ ಮಕ್ಕಳೆಲ್ಲ ಬಂದು ಸಾಲಾಗಿ ನಿಂತು ನನಗೆ ನಾಲಿಗೆ ತೋರಿಸುತ್ತಿದ್ದವು.

ನನಗೆ ಹಿಡಿಸಿದ್ದು ಐದನೆಯದರ ಪರೀಕ್ಷೆ. ಕಣ್ಣು ಮುಚ್ಚಿ ಕೂರಬೇಕು. ನೀನು ಹತ್ತಿಯ ಎಳೆಯಿಂದ ಹಣೆ, ಕೆನ್ನೆ, ಗದ್ದ, ಒಂದೊಂದು ಕಡೆ ಮುಟ್ಟುತ್ತೀ. ಮುಟ್ಟಿದ್ದು ತಿಳಿದಾಗಲೆಲ್ಲ ನಾನು ‘ಹ್ಞೂಂ’ ಅನ್ನಬೇಕು. ನೀನು ಬೇಕೆಂದೇ ಸುಮ್ಮನಿದ್ದು ನನ್ನನ್ನು ಬೀಳಿಸಲು ನೋಡುತ್ತಿದ್ದೆ. ನಾನೆಲ್ಲಿ ಬೀಳುತ್ತೇನೆ? ಮುಟ್ಟದೆ ಒಂದು ಸಲವೂ ಅನ್ನಲಿಲ್ಲ, ಮುಟ್ಟಿದಾಗ ಒಂದು ಸಲವೂ ಬಿಡಲಿಲ್ಲ. “ಫುಲ್ ಮಾರ್ಕ್ಸ್ ಅವ್ವ” ಎಂದೆ. ಆಗಲೇ ನೀನು ಹೇಳಿದ ಮಾತು: “ಮುಖದಾಗ ಇಬ್ರು ನೌಕರಿ ಮಾಡ್ತಾರ ನೋಡು. ಏಳನೇದು ಅಲುಗಾಡಸ್ತದ. ಐದನೇದು ಮುಟ್ಟಿದ್ದು ತಿಳಸ್ತದ, ಅಗೀಲಿಕ್ಕೂ ಹಚ್ಚತದ. ಒಬ್ರು ಸೂಟಿ ಹಾಕಿದ್ರೂ ಇನ್ನೊಬ್ರು ಡ್ಯೂಟಿ ಮೇಲೇ ಇರ್ತಾರ.” ಎಷ್ಟು ಚೆನ್ನಾಗಿ ಪಾಠ ಹೇಳುತ್ತಿದ್ದೆ!

ಜನವರಿಯಲ್ಲಿ ಆ ಏಳನೆಯದು ಸೂಟಿ ಹಾಕಿತು. ನಿನ್ನನ್ನು ನೋಡಿಕೊಂಡು ಹುಮನಾಬಾದಿನಿಂದ ಬಂದ ಮರುದಿನ ಬೆಳಿಗ್ಗೆ ಚಹಾ ಕುಡಿದರೆ ಎಡಗಡೆಯಿಂದ ಸೀರೆಯ ಮೇಲೆ ಸುರಿಯಿತು. ಕನ್ನಡಿ ನೋಡಿದೆ. ಅರ್ಧ ಮುಖ ನನ್ನದು, ಇನ್ನರ್ಧ ಯಾರದೋ. ಆಯಿ ಎದೆ ಬಡಿದುಕೊಂಡು, “ಲಕ್ವಾ ಹೊಡೀತು, ನನ್ನ ಸೊಸೀಗಿ ಲಕ್ವಾ ಹೊಡೀತು” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ನಿನ್ನ ಅಪ್ಪ ಗಾಬರಿಯಲ್ಲಿ ನಿನ್ನ ಬದಲು ಸಿಮೆಂಟಿನ ಅಂಗಡಿಗೆ ಫೋನು ಹಚ್ಚಿದರು. ನಾನೇ ನಿನಗೆ ವಿಡಿಯೋ ಹಚ್ಚಿದೆ. ನೀನು ಡ್ಯೂಟಿಯ ಬಿಳಿ ಕೋಟಿನಲ್ಲಿದ್ದೆ. ಫೋನು ಹತ್ತಿರ ಹಿಡಿಸಿ ನನ್ನ ಮುಖ ನೋಡಿದೆ. ಆಮೇಲೆ ಬೇವಿನ ಮರದ ಕೆಳಗಿನ ದನಿಯಲ್ಲೇ, “ಅವ್ವ, ಹುಬ್ಬು ಏರಸು. ಕಣ್ಣು ಗಟ್ಟಿ ಮುಚ್ಚು. ಹಲ್ಲು ತೋರಸು. ಈಗ ಎರಡೂ ಕೈ ಎತ್ತು” ಎಂದೆ. ಕೈ ಎರಡೂ ಸಮನಾಗಿ ಎದ್ದವು, ಎಡಹಣೆ ಮಾತ್ರ ಸುಕ್ಕಾಗಲಿಲ್ಲ. “ಹಣೀನೂ ಏಳವಲ್ದಲ್ಲ, ಹಂಗಾದ್ರ ಇದು ತಲಿಯೊಳಗಿಂದಲ್ಲ ಅಂತ ಅನಸ್ತದ, ಏಳನೇ ನರದ್ದು. ಹೆದರಬ್ಯಾಡ. ಆದ್ರ ಈಗಿಂದೀಗ ಡಾಕ್ಟರ್ ಕಡಿ ಹೋಗು, ನಾಳಿ ಅನಬ್ಯಾಡ.” ಬಸವಕಲ್ಯಾಣದ ಡಾಕ್ಟರು ನೋಡಿ ನೀನು ಹೇಳಿದ್ದನ್ನೇ ಹೇಳಿದರು. ಆ ದಿನ ನನ್ನ ಮಗಳ ಬಗ್ಗೆ ನನಗೆ ಬಂದ ಹೆಮ್ಮೆ ಅಷ್ಟಿಷ್ಟಲ್ಲ. ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಸೊಟ್ಟ ಬಾಯಲ್ಲೇ ಹೇಳಿಕೊಂಡು ಬಂದೆ.

ಗುಳಿಗೆ ನುಂಗಿ ಮಲಗಿದ್ದೆ, ಸಂಜೆ ನಿನ್ನ ವೈಜಿನಾಥ ಕಾಕಾ ಬುಟ್ಟಿ ಹಿಡಿದು ಬಂದ. ಬುಟ್ಟಿಯಲ್ಲಿ ಹಕ್ಕಿ ಸಾಕಿ ಮಾರುವ ಖಾಜಾನ ಮನೆಯ ಎರಡು ಪಾರಿವಾಳ. ಲಕ್ವಾಕ್ಕೆ ಪಾರಿವಾಳ ಕೊಯ್ದು ಬಿಸಿರಕ್ತ ತಿಕ್ಕಬೇಕೆಂಬುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? “ವೈನಿ, ಗುಳಿಗಿ ನಂಬಿ ಕುಂದ್ರಬ್ಯಾಡ್ರಿ. ಬೇಮಳಖೇಡದಾಗ ಒಬ್ಬಾಕಿಗಿ ಇದೇ ಮಾಡ್ಯಾರ, ವಾರದಾಗ ಮಾರಿ ನೆಟ್ಟಗಾಯ್ತು” ಎಂದ. ಪಾಪ, ಪ್ರೀತಿಯಿಂದಲೇ ತಂದಿದ್ದ. ಆದರೆ ಪ್ರತಿ ರವಿವಾರ ಬುದ್ಧ ವಿಹಾರದಲ್ಲಿ ವಂದನೆಗೆ ನಿಂತು ಪ್ರಾಣ ತೆಗೆಯಬಾರದೆಂದು ಊರಿಗೆಲ್ಲ ಹೇಳಿಸುವವಳು ನಾನು. ಮನೆಗೆ ಬಂದು ಎರಡು ಪಾರಿವಾಳದ ರಕ್ತ ಬಳಿದುಕೊಂಡು ಮುಂದಿನ ರವಿವಾರ ಯಾವ ಬಾಯಲ್ಲಿ ಹೇಳಿಸಲಿ? ಇದ್ದ ಅರ್ಧ ಬಾಯಿಯೂ ಹೋದಂತೆ. ಎದ್ದು ಬುಟ್ಟಿಯ ಮುಚ್ಚಳ ತೆಗೆದೆ. ಎರಡೂ ಹಾರಿ ಬೇವಿನ ಮರದ ಮೇಲೆ ಕೂತವು. ವೈಜಿನಾಥ ತಲೆ ಹಿಡಿದುಕೊಂಡು ಕೆಳಗೆ ಕೂತ.

ಕೇಳು, ಇಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಮುಂಜಾನೆ ಖಾಜಾ ಅದೇ ಪಾರಿವಾಳಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದ. “ಅಕ್ಕಾ, ನಿಮ್ಮ ಕಬೂತರ ರಾತ್ರಿ ನಮ್ಮ ಮನೀಗೇ ಬಂದಾವ್ರಿ. ಮಾರಿದ್ದು ನಾ ಇಟ್ಕೊಂಡ್ರ ಹರಾಮ್ ಆಯ್ತದ.” ನಾನು ಮತ್ತೆ ಬಿಟ್ಟೆ. ಅವು ಮತ್ತೆ ಅವನ ಮನೆಗೆ ಹೋದವು. ಅವನು ಮತ್ತೆ ತಂದ. ಕಡೆಗೆ ಅವು ನನ್ನವೇ, ಆದರೆ ಅವನ ಮನೆಯಲ್ಲಿ ಇರುತ್ತವೆ ಎಂದು ಇಬ್ಬರೂ ಮಾತಾಡಿಕೊಂಡೆವು. ಈಗ ಎದುರಾದಾಗಲೆಲ್ಲ ಖಾಜಾ ಪಾರಿವಾಳಗಳ ಕ್ಷೇಮಸಮಾಚಾರ ಹೇಳುತ್ತಾನೆ.

ನಿನ್ನ ಅಪ್ಪನ ವಿಷಯ ನಿನಗೆ ತಿಳಿಸಿಲ್ಲ. ಎಡಗಣ್ಣು ಮುಚ್ಚುವುದಿಲ್ಲವಲ್ಲ, ಮಲಗುವ ಮೊದಲು ಮುಲಾಮು ಹಾಕಿ, ರೆಪ್ಪೆಯನ್ನು ಬೆರಳಿಂದ ಇಳಿಸಿ, ಮೇಲೆ ಪಟ್ಟಿ ಹಚ್ಚುವುದು ಅವರೇ. ಗಾರೆ ಕೆಲಸದ ಕೈ, ಕಲ್ಲಿನಂತಿದೆ. ಆ ಕೈಯಲ್ಲಿ ನನ್ನ ರೆಪ್ಪೆ ಮುಟ್ಟಿದ್ದು ನನಗೇ ತಿಳಿಯಬಾರದು ಎಂಬಂತೆ ಹಚ್ಚುತ್ತಾರೆ. ತಿಳಿಯುತ್ತದೆ ಎಂದು ನಾನೂ ಹೇಳಿಲ್ಲ.

ಶಾಲೆಯಲ್ಲೂ ಯಾರೂ ಹೆದರಲಿಲ್ಲ. ಮೊದಲ ದಿನ ತಟ್ಟೆ ಹಿಡಿದು ಬಂದ ಹುಡುಗಿಯೊಬ್ಬಳು, “ಸುಗಂಧಕ್ಕ, ನಿಮ್ಮ ಮಾರಿ ಅರ್ಧ ಮಲಗೇದೇನ್ರಿ?” ಎಂದು ಕೇಳಿದಳು. ಡಾಕ್ಟರಿಗಿಂತ ಚೆನ್ನಾಗಿ ಹೇಳಿದಳು. “ಹೌದವ್ವ, ಎಬ್ಬಸಾಕತ್ತೇನಿ” ಎಂದೆ. ಕೆನ್ನೆ ಉಬ್ಬಿಸುವ, ಊದುವ ವ್ಯಾಯಾಮ ಮಾಡಬೇಕಲ್ಲ, ಊಟದ ಸಾಲಿನಲ್ಲಿ ಎಲ್ಲ ಮಕ್ಕಳೂ ನನ್ನೊಂದಿಗೆ ಕೆನ್ನೆ ಉಬ್ಬಿಸಿದವು. ತಟ್ಟೆ ಬಡಿದರೆ ಮಾತ್ರ ಎಡಗಿವಿಯಲ್ಲಿ ಸಿಡಿದಂತಾಗುತ್ತದೆ. ಅದೂ ಏಳನೆಯದರದೇ ಕಿತಾಪತಿ ಎಂದು ನೀನೇ ಹೇಳಿದೆ, ಜೋರು ಸದ್ದನ್ನು ತಗ್ಗಿಸುವ ಸಣ್ಣ ಸ್ನಾಯುವೊಂದು ಅದರ ಕೈಯಲ್ಲಿದೆಯಂತೆ. ತಟ್ಟೆ ಬಡಿಯಬೇಡಿ ಎಂದೆ, ನಿಲ್ಲಿಸಿದರು. ಮಕ್ಕಳಿಗೆ ಒಂದು ಸಲ ಹೇಳಿದರೆ ಸಾಕು. ದೊಡ್ಡವರದೇ ಕಷ್ಟ.

ಈಗ ದೊಡ್ಡವರ ವಿಷಯಕ್ಕೆ ಬರುತ್ತೇನೆ.

ಫೆಬ್ರವರಿಯಲ್ಲಿ ಹುಮನಾಬಾದಿನಲ್ಲಿ ನಿನ್ನ ನಿಶ್ಚಯಕ್ಕೆ ಬಂದಾಗ ನಾನು ತಲೆಯೆತ್ತಿಯೇ ಬಂದೆ. ಸ್ವಪ್ನಿಲ ಒಳ್ಳೆಯ ಹುಡುಗ. ನನ್ನ ಪಕ್ಕ ಕೂರುವ ಮೊದಲು, “ಅತ್ತಿ, ಯಾವ ಕಡಿ ಕುಂತ್ರ ನಿಮಗ ಆರಾಮ ಆಯ್ತದ್ರಿ?” ಎಂದು ಕೇಳಿದ ಒಬ್ಬನೇ ಒಬ್ಬ. ಅವನ ತಾಯಿ ರತ್ನಮಾಲಾಬಾಯಿ ಬೇರೆ ಥರ. ಊಟಕ್ಕೆ ಕೂತಾಗ ತುತ್ತು ಎಡಗೆನ್ನೆಯಲ್ಲಿ ಸಿಕ್ಕಿಕೊಂಡು ಬೆರಳಿನಿಂದ ತೆಗೆದೆ. ಅದನ್ನು ನೋಡಿ, “ಬೀಗತೇರ, ಒಳಗಿನ ಖೋಲ್ಯಾಗ ಆರಾಮ ಕುಂತು ಉಣ್ರಿ, ಇಲ್ಲಿ ಮಂದಿ ಭಾಳ ಅದ” ಎಂದರು. “ಮಂದಿ ಇದ್ರ ಇರ್ಲಿರಿ, ಹಸಿವಿ ನಂದು” ಎಂದು ಅಲ್ಲೇ ಕೂತು, ಎರಡನೆಯ ಸಲ ಪಲ್ಯ ಹಾಕಿಸಿಕೊಂಡು ಉಂಡೆ. ನಿನಗೆ ಆಗ ನಾಚಿಕೆಯಾಯಿತೇನೋ, ತಟ್ಟೆ ನೋಡುತ್ತಾ ಕೂತಿದ್ದೆ. ಊಟವಾದ ಮೇಲೆ ಫೋಟೋ ತೆಗೆದರು. ನೀನು ಆ ಫೋಟೋಕ್ಕೆ ಚೌಕಟ್ಟು ಹಾಕಿಸಿ ಕಳಿಸಿದ್ದೀ. ನನ್ನ ಎಡಗೆನ್ನೆ ಪೂರ್ತಿ ಸೆರಗಿನ ಒಳಗಿದೆ. ಆಯಿ ಅದನ್ನು ನೋಡಿ, “ನಮ್ಮ ಹೆಣ್ಮಕ್ಕಳು ಯಾವತ್ತು ಮಾರಿ ಮುಚ್ಚಿಕೊಂಡಾರ? ಆ ಬೀಗತಿನೇ ಎಳದಿರಬೇಕು” ಎಂದು ಬೈದರು. ನಾನು ಅದನ್ನು ಕಪಾಟಿನಲ್ಲಿಟ್ಟೆ.

ಜಯಂತಿಗೆ ಎರಡು ದಿನ ಮೊದಲು ವೈಜಿನಾಥ ಹುಮನಾಬಾದಿನಿಂದ ಬೀಗತಿಯ ಮಾತು ಹೊತ್ತು ತಂದ. ಚಹಾ ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಎತ್ತಿ, ಮತ್ತೆ ಇಟ್ಟು ಹೇಳಿದ. “ವೈನಿ, ಸಿಟ್ಟಿಗೇಳಬ್ಯಾಡ್ರಿ. ಮದುವಿ ಫಂಕ್ಷನ್ ಹಾಲ್‌ನಾಗ ಅದ, ವಿಡಿಯೋದವ್ರು ಬರ್ತಾರ. ಬುದ್ಧ ವಂದನಾ ಆ ಕಡಿಯವ್ರೇ ಯಾರರ ಹೇಳಸ್ತಾರಂತ. ನೀವು ಒಳಗ ಹೆಣ್ಮಕ್ಕಳ ಸಂಗಟ ಕುಂದ್ರಬೇಕಂತ. ಹಡದಾಕಿ ಮಾರಿ ಹಿಂಗದ ಅಂತ ಮಂದಿ ಆಡ್ಕೊಂಡ್ರ ಹುಡುಗಿಗೇ ಕೆಟ್ಟ ಅನಸ್ತದ ಅಂದ್ರು.” ನಾನು, ಧನಶ್ರೀ ಏನಂದಳು ಎಂದು ಕೇಳಿದೆ. “ಆಕಿನೂ, ಅವ್ವಗ ತ್ರಾಸ ಬ್ಯಾಡ ಅಂದ್ಲು” ಎಂದ. ನಾನು ನಂಬಿಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಿನ್ನ ಕಾಕಾ ಒಂದಕ್ಕೆ ಎರಡು ಸೇರಿಸುವ ಮನುಷ್ಯ ಎಂದು ನಮಗೆಲ್ಲ ಗೊತ್ತು.

ನಮ್ಮ ಓಣಿಯ ರೂಢಿ ನಿನಗೆ ಹೊಸದಲ್ಲ. ಹುಡುಗಿಗೆ ವಂದನೆ ಬಾಯಿಪಾಠ ಮಾಡಿಸಿದವರು ಯಾರೋ ಅವರೇ ಅವಳ ಮದುವೆಯಲ್ಲಿ ನಿಂತು ಹೇಳಿಸಬೇಕು. ನಿನ್ನ ಆಯಿ ಓದು ಬರೆಹ ಬಾರದೆ ಬರೀ ಕೇಳಿ ಕಲಿತು ಓಣಿಗೆ ಕಲಿಸಿದರು. ನಾನು ಮುಡಬಿಯಿಂದ ಸೊಸೆಯಾಗಿ ಬಂದ ವರ್ಷ ಅವರ ಪಕ್ಕ ನಿಂತು ಕಲಿತೆ, ನೀನು ನನ್ನ ತೊಡೆಯ ಮೇಲೆ ಕೂತು ಕಲಿತೆ. ತೊದಲು ಮಾತಿನಲ್ಲಿ ನೀನು ತಪ್ಪು ತಪ್ಪು ಹೇಳಿದಾಗ ಓಣಿಯಲ್ಲಿ ಯಾರೂ ನಿನ್ನನ್ನು ಒಳಗೆ ಕೂರಿಸಲಿಲ್ಲ. ಇನ್ನೊಂದು ಸಲ ಹೇಳಿಸಿದರು, ಅಷ್ಟೇ.

ಹದಿನಾಲ್ಕನೆಯ ತಾರೀಖು ವಿಹಾರದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಇಡೀ ಓಣಿ ಬಿಳಿ ಬಟ್ಟೆಯಲ್ಲಿತ್ತು. ಕಾಯಿಲೆ ಬಂದ ಮೇಲೆ ರವಿವಾರಗಳಲ್ಲಿ ನಾನು ಹಿಂದೆ ನಿಂತು ಬರೀ ತುಟಿ ಆಡಿಸುತ್ತಿದ್ದೆ, ಹೇಳಿಸುವುದನ್ನು ಓಣಿಯ ಹುಡುಗಿ ವಿಶಾಖಾ ಮಾಡುತ್ತಿದ್ದಳು. ಅಂದು ಮುಂದೆ ಹೋದೆ. ವೈಜಿನಾಥ ಮೈಕಿನ ಹತ್ತಿರ ನಿಂತಿದ್ದ, ಬಗ್ಗಿ ಕಿವಿಯಲ್ಲಿ, “ವೈನಿ, ಇದೊಂದು ಸಲ ಸುಮ್ನಿರ್ರಿ, ಹೊರಗಿನ ಊರವ್ರೆಲ್ಲ ಬಂದಾರ” ಎಂದ. ನಾನು ಉತ್ತರ ಕೊಡುವ ಮೊದಲೇ ಮುಂದಿನ ಸಾಲಿನಿಂದ ಆಯಿಯ ದನಿ ಬಂತು, ಮೈಕೇ ಬೇಡದ ದನಿ. “ಏ ವೈಜ್ಯಾ! ನನ್ನ ಬಾಯಾಗ ಒಂದು ಹಲ್ಲಿಲ್ಲ. ಹಲ್ಲಿಲ್ಲದ ಬಾಯ್ಲೆ ನಾ ನಿನಗ ವಂದನಾ ಕಲಿಸೀನಿ. ನನ್ನ ಸೊಸಿ ಅರ್ಧ ಬಾಯ್ಲೆ ಹೇಳ್ತಾಳ. ನೀ ಕುಂದ್ರು!” ನಕ್ಕವರಲ್ಲಿ ವೈಜಿನಾಥನೂ ಒಬ್ಬ. ಮೈಕು ನನ್ನ ಕೈಗೆ ಬಂತು.

ಬಂದ ಮೇಲೆ ನನಗೆ ಹೆದರಿಕೆಯಾಯಿತು, ನಿಜ ಹೇಳುತ್ತೇನೆ. ಸ್ಪೀಕರಿನ ಸದ್ದಿಗೆ ಎಡಗಿವಿ ಸಿಡಿಯುತ್ತಿತ್ತು. ಶರಣು ಹೇಳುವ ಮೊದಲ ಮಾತೇ ‘ಬುದ್ಧಂ’, ಶುರುವಾಗುವುದೇ ‘ಬ’ದಿಂದ. ಹೇಳಿದೆ. ಅಕ್ಷರ ಹೊರಡಲಿಲ್ಲ, ಗಾಳಿ ಹೊರಟಿತು. ಹೇಳಿಸುವವರು ಹೇಗೆ ಹೇಳುತ್ತಾರೋ ಹಾಗೆಯೇ ಹೇಳಬೇಕು ಎಂದು ನಾನೇ ಮಕ್ಕಳಿಗೆ ಕಲಿಸಿದ್ದೆನಲ್ಲ, ಮುಂದಿನ ಸಾಲಿನ ಮಕ್ಕಳೆಲ್ಲ ನನ್ನ ಗಾಳಿಯನ್ನೇ ಹಾಗೆಯೇ, ಅಷ್ಟೇ ಭಕ್ತಿಯಿಂದ ತಿರುಗಿ ಹೇಳಿದವು. ದೊಡ್ಡವರಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ನನಗೇ ನಗು ಬಂತು. ಅರ್ಧ ಮುಖದಿಂದ ನಕ್ಕೆ. ಆಮೇಲೆ ಎಡಗೈಯ ತೋರುಬೆರಳನ್ನು ತುಟಿಯ ಎಡಮೂಲೆಗೆ ಒತ್ತಿ ಹಿಡಿದು, ಎಲ್ಲರೂ ನೋಡುತ್ತಿರುವಾಗಲೇ, ಇನ್ನೊಮ್ಮೆ ಹೇಳಿದೆ. ಬ ಬಂತು, ಧನು. ನೆಟ್ಟಗೆ ಬಂತು. ಮುಗಿಯುವವರೆಗೂ ಬೆರಳು ತೆಗೆಯಲಿಲ್ಲ. ಜನ ಒಂದೊಂದನ್ನೂ ನನ್ನ ಹಿಂದೆ ಹೇಳಿದರು. ಹೊರಗೆ ರಸ್ತೆಯಲ್ಲಿ ನಿಂತಿದ್ದ ಖಾಜಾ ಆಮೇಲೆ ಬಂದು, “ಅಕ್ಕಾ, ನಿಮ್ಮ ಆವಾಜ್‌ಗಿ ನಿಮ್ಮ ಕಬೂತರ ಎದ್ದು ಹಾರಿದ್ವು ನೋಡ್ರಿ” ಎಂದ.

ಹೀಗಾಗಿ ನಾನು ಗಟ್ಟಿ ಮಾಡಿದ್ದೇನು ಎಂದು ಕೇಳು. ಬುದ್ಧ ಪೂರ್ಣಿಮೆಯ ದಿನ ನಿನ್ನ ಮದುವೆಯಲ್ಲಿ ವಂದನೆ ನಾನೇ ಹೇಳಿಸುತ್ತೇನೆ. ಒಳಗೆ ಕೂರುವುದಿಲ್ಲ. ಸೊಟ್ಟ ಬಾಯಿಗೆ ಬೆರಳು ಒತ್ತಿ ಹಿಡಿದೇ ಹೇಳಿಸುತ್ತೇನೆ, ವಿಡಿಯೋದವನು ಹತ್ತಿರ ಬಂದು ತೆಗೆಯಲಿ. ಡಾಕ್ಟರು ಇನ್ನೂ ಆಸೆ ಬಿಡಬೇಡಿ, ತಡವಾಗಿಯಾದರೂ ಬರಬಹುದು, ಪೂರ್ತಿ ಬಾರದೆಯೂ ಇರಬಹುದು ಎಂದಿದ್ದಾರೆ. ಅದು ಬರಲೆಂದು ಕಾದು ನಾನು ಮನೆಯಲ್ಲಿ ಕೂರುವವಳಲ್ಲ. ಮುಖ ಗುಣವಾದ ಮೇಲೆ ತಾಯಿಯಾಗುತ್ತೇನೆ ಎಂದು ಯಾರಿಗೂ ಬರೆದುಕೊಟ್ಟಿಲ್ಲ. ಬೀಗತಿಗೆ ನಾನೇ ಫೋನು ಮಾಡಿ ಇದನ್ನೇ ಹೇಳಿದೆ. ಅವರಿಗೆ ನನ್ನ ಮಾತು ಅರ್ಥವಾಗಲಿಲ್ಲವೆಂದು ಎರಡು ಸಲ ಹೇಳಿಸಿಕೊಂಡರು, ಎರಡು ಸಲವೂ ಅದನ್ನೇ ಹೇಳಿದೆ. ಆಮೇಲೆ ಸ್ವಪ್ನಿಲ ಫೋನು ತೆಗೆದುಕೊಂಡು, “ಅತ್ತಿ, ಮೈಕು ನಿಮ್ಮ ಬಲಗಡಿ ಇಡಸ್ತೇನಿ, ಸ್ಪೀಕರ್ ದೂರ ಇಡಸ್ತೇನಿ” ಎಂದ. ಅಷ್ಟರ ಮೇಲೆ ನನಗೆ ಯಾರ ಪರವಾನಗಿಯೂ ಬೇಕಿಲ್ಲ.

ಬಸವಕಲ್ಯಾಣದಲ್ಲಿ ಬಿಳಿ ಸೀರೆ ತಂದಿದ್ದೇನೆ, ನೀಲಿ ಅಂಚಿನದು. ಜೊತೆಗೆ ಒಂದು ದೊಡ್ಡ ಪಿನ್ನು ತಂದಿದ್ದೇನೆ. ಸೆರಗನ್ನು ಹೆಗಲಿಗೆ ಗಟ್ಟಿಯಾಗಿ ಚುಚ್ಚಿಕೊಂಡು ಬರುತ್ತೇನೆ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನೈಟ್ ಡ್ಯೂಟಿ ಆದಷ್ಟು ಬದಲಿಸಿಕೊ, ಮದುವೆಗೆ ಮುಂಚೆ ಕಣ್ಣ ಕೆಳಗೆ ಕಪ್ಪು ಬೇಡ. ನಿನ್ನ ಬಾಳು ತಂಪಾಗಿರಲಿ, ನಿನ್ನ ಕೈಯಿಂದ ನೊಂದವರಿಗೆ ಆರಾಮ ಸಿಗಲಿ, ಯಾರೆದುರೂ ನೀನು ತಲೆ ತಗ್ಗಿಸುವ ದಿನ ಬಾರದಿರಲಿ. ಇದು ನನ್ನ ಹಾರೈಕೆ, ಆಯಿಯದೂ ಸೇರಿ. ಆಯಿ ಶಾವಿಗೆ ಕಾಯುತ್ತಾ ಮತ್ತೆ ನಿದ್ದೆ ಹೋಗಿದ್ದಾರೆ, ಎಬ್ಬಿಸಬೇಕು.

ನಿನ್ನ ಅವ್ವ,
ಸುಗಂಧಾ

ತಾ.ಕ.: ಕಾಗದ ಮಡಿಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಬರೆಯದೆ ಕಳಿಸಿದರೆ ನಾನು ಇಷ್ಟು ಹೊತ್ತು ಬರೆದದ್ದೆಲ್ಲ ಬರೀ ಜೋರು ಬಾಯಿ ಆಗುತ್ತದೆ.

ನಿಶ್ಚಯದ ಫೋಟೋ ಯಾಕೆ ಗೋಡೆಗೆ ಹಾಕಿಲ್ಲ ಎಂದು ಕೇಳಿದ್ದೆಯಲ್ಲ. ಫೋಟೋದವನು ‘ನಗ್ರಿ’ ಎಂದಾಗ ನಾನು ನಕ್ಕೆ, ಬಂದಷ್ಟು ನಕ್ಕೆ. ಆಗ ಹಿಂದಿನಿಂದ ಒಂದು ಕೈ ಬಂದು ನನ್ನ ಸೆರಗನ್ನು ತಲೆಯ ಮೇಲೆ ಎಳೆದು ಎಡಗೆನ್ನೆಯನ್ನು ಮುಚ್ಚಿತು. ಆಯಿ ಇವತ್ತಿಗೂ ಬೀಗತಿಯ ಕೈ ಎಂದೇ ಬೈಯುತ್ತಾರೆ. ನಾನು ಬೈಯಲು ಬಿಟ್ಟಿದ್ದೇನೆ. ಆದರೆ ಬೀಗತಿ ಆಗ ನನ್ನ ಎದುರಿಗೆ ನಿಂತಿದ್ದರು. ಹಿಂದೆ ನಿಂತಿದ್ದವಳು ನೀನು. ರತ್ನಮಾಲಾಬಾಯಿ ನನಗೆ ಯಾರು, ಅವರ ಮಾತು ನನಗೆ ಬಡಿಯುವುದಿಲ್ಲ. ನಿನ್ನ ಬೆರಳು ಬಡಿಯಿತು.

ನನ್ನ ಮುಖ ಅಲುಗಲಿಲ್ಲ, ಅದಕ್ಕೇ ಅವ್ವನಿಗೆ ತಿಳಿಯಲಿಲ್ಲ ಎಂದುಕೊಂಡೆಯೇನು? ಏಳನೆಯದು ಮಾತ್ರ ಮಲಗಿದೆ, ಧನು. ನೀನೇ ಕಲಿಸಿದ್ದು. ನಿನ್ನ ಬೆರಳು ಕಿವಿಯ ಹತ್ತಿರ ತಾಗಿತು, ಅಲ್ಲಿಂದ ಕೆನ್ನೆಯ ಮೇಲೆ ಬಂತು, ಗದ್ದದ ಹತ್ತಿರ ಒಂದು ಗಳಿಗೆ ನಿಂತಿತು, ಸೆರಗು ಸರಿಯಾಗಿ ಕೂತಿದೆಯೇ ಎಂದು ನೋಡಿ ಹೋಯಿತು. ಕಣ್ಣು ಮುಚ್ಚಿಕೊಂಡು ಕೂತಿದ್ದರೂ ಒಂದೂ ತಪ್ಪದೆ ಹೇಳುತ್ತಿದ್ದೆ. ಅಂದು ಅಷ್ಟು ಜನರ ನಡುವೆ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಹ್ಞೂಂ.